ಹತ್ತು ಸಾವಿರ ಹೆಜ್ಜೆಯ ಲೆಕ್ಕ

ಪರಸ್ಥಳದ ನಮ್ಮ ಕನ್ನಡ ಕುಟುಂಬಗಳಲ್ಲಿ ಈಗ ಹೊಸದೊಂದು ಲೆಕ್ಕ ನಡೆದಿದೆ. ಸಂಜೆಯಾಯಿತೆಂದರೆ ವಾಟ್ಸಾಪ್ ಗುಂಪಿನಲ್ಲಿ ಅಂದು ಯಾರು ಎಷ್ಟು ಹೆಜ್ಜೆ ನಡೆದರೆಂಬ ಪಟ್ಟಿ. ಹತ್ತು ಸಾವಿರ ಮುಟ್ಟಿದವರಿಗೆ ಚಪ್ಪಾಳೆಯ ಚಿತ್ರ, ಮುಟ್ಟದವರಿಗೆ ಮೌನ.

ಈ ಹತ್ತು ಸಾವಿರ ಬಂದದ್ದಾದರೂ ಎಲ್ಲಿಂದ? 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ ಕ್ರೀಡೆಗಳಾದವು. ಮರುವರ್ಷ ಜಪಾನಿನ ಕಂಪೆನಿಯೊಂದು ಹೆಜ್ಜೆ ಎಣಿಸುವ ಪುಟ್ಟ ಯಂತ್ರವನ್ನು ಮಾರಲು ತೊಡಗಿ, ಅದಕ್ಕೆ ‘ಮಂಪೋ-ಕೇ’ ಎಂದು ಹೆಸರಿಟ್ಟಿತು. ಹಾಗೆಂದರೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’. ಸರಕಿನ ಹೆಸರೇ ಕ್ರಮೇಣ ಆರೋಗ್ಯದ ಸೂತ್ರವಾಗಿ ಕುಳಿತಿತು!

ಮುಂಬಯಿಯ ನಮ್ಮ ಬಡಾವಣೆಯ ಹಿರಿಯ ಗೃಹಿಣಿಯೊಬ್ಬರು ದಿನವೂ ನಾಲ್ಕು ಸಾವಿರದ ಆಚೀಚೆ ನಡೆಯುತ್ತಿದ್ದರು. ಪಟ್ಟಿಯಲ್ಲಿ ಸದಾ ಕೊನೆಯ ಹೆಸರು ಅವರದೇ. ತಿಂಗಳೊಳಗೆ ಸಂಖ್ಯೆ ಕಳಿಸುವುದನ್ನು ಬಿಟ್ಟರು. ಆಮೇಲೆ ನಡೆಯುವುದನ್ನೂ ಬಿಟ್ಟರು. “ಅರ್ಧಾನೂ ಆಗಂಗಿಲ್ಲ ತಮ್ಮಾ, ಸುಮ್ಮನ ಯಾಕ ಹೋಗ್ಲಿ?” ಎಂದರು. ಸಕ್ಕರೆ ಕಾಯಿಲೆಯವರು ಅವರು.

ಅವರಿಗೆ ನಾನು ತೋರಿಸಿದ್ದು 2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಂಶೋಧನೆಯೊಂದನ್ನು. ಸುಮಾರು 17,000 ಮಹಿಳೆಯರು, ಸರಾಸರಿ ವಯಸ್ಸು 72. ದಿನಕ್ಕೆ 2,700ರಷ್ಟು ಹೆಜ್ಜೆ ಹಾಕುವವರಿಗಿಂತ 4,400ರಷ್ಟು ಹಾಕುವವರಲ್ಲಿ ಮುಂದಿನ ನಾಲ್ಕು ವರ್ಷಗಳಲ್ಲಿ ಸಾವು ಸ್ಪಷ್ಟವಾಗಿ ಕಡಿಮೆಯಿತ್ತು. 7,500ರ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ನಡಿಗೆಯೊಂದೇ ಕಾರಣವೆಂದು ಇಷ್ಟರಿಂದ ಸಾಧಿಸಲಾಗದು, ನಿಜ. ಆದರೆ ನಾಲ್ಕು ಸಾವಿರಕ್ಕೆ ನಾಚಬೇಕಾದ ಕಾರಣವೂ ಇಲ್ಲವಷ್ಟೆ.

ಇನ್ನೊಂದು ಮಾತು. ಫೋನು ಎಣಿಸುವುದು ತನ್ನ ಅಲುಗಾಟವನ್ನು. ಬೆಳಗಿನಿಂದ ಅಡಿಗೆಮನೆಗೂ ಬಾಲ್ಕನಿಗೂ ಓಡಾಡುವ ತಾಯಂದಿರ ಒಂದು ಹೆಜ್ಜೆಯೂ ಮೇಜಿನ ಮೇಲಿಟ್ಟ ಫೋನಿಗೆ ತಿಳಿಯದು. ಅದನ್ನು ಜೇಬಿನಲ್ಲಿಟ್ಟು ಆಫೀಸಿಗೆ ಹೊರಡುವ ಗಂಡಸರಿಗೆ ದಾದರ್ ನಿಲ್ದಾಣದ ಸೇತುವೆಯೂ ಜಮೆಯಾಗುತ್ತದೆ. (ಗುಮಾಸ್ತನ ಕಣ್ಣಿಗೆ ಲೆಕ್ಕಪತ್ರದ ಇಂಥ ಅನ್ಯಾಯ ಬೇಗ ಬೀಳುತ್ತದೆ.) ಇವರಿಬ್ಬರನ್ನೂ ಒಂದೇ ಪಟ್ಟಿಯಲ್ಲಿ ತೂಗುವುದೆಂತು?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಲ್ಲಿ ಹೆಜ್ಜೆಯ ಸಂಖ್ಯೆಯೇ ಇಲ್ಲ. ವಾರಕ್ಕೆ 150ರಿಂದ 300 ನಿಮಿಷ ಬಿರುಸಾದ ನಡಿಗೆಯಂಥ ಶ್ರಮ ವಯಸ್ಕರಿಗೆ ಬೇಕು, ಅಷ್ಟಾಗದವರಿಗೆ ಆದಷ್ಟಾದರೂ ಒಳ್ಳೆಯದು ಎಂದು ಅದು ಹೇಳುತ್ತದೆ.

ವಾಟ್ಸಾಪ್ ಗುಂಪು ಬೇಡವೆನ್ನುತ್ತಿಲ್ಲ. ಹೆಜ್ಜೆಯ ಪಟ್ಟಿಯನ್ನು ನಿಲ್ಲಿಸಿ, “ನಾಳೆ ಆರೂವರೆಗೆ ಗೇಟಿನ ಬಳಿ, ಯಾರು ಬರುತ್ತೀರಿ?” ಎಂದು ಕೇಳಲು ಅದನ್ನು ಬಳಸೋಣ. ಹೆಜ್ಜೆಯ ಸಂಖ್ಯೆ ಅವರವರ ಫೋನಿನಲ್ಲೇ ಇರಲಿ. ಹೋದ ವಾರದ ತಮ್ಮದೇ ಲೆಕ್ಕದೊಡನೆ ಹೋಲಿಸಿಕೊಳ್ಳಲಿ. ಮೊಬೈಲು ಬಾರದ ಹಿರಿಯರಿದ್ದರೆ ಪಕ್ಕದ ಮನೆಯವರು ಬಾಗಿಲು ತಟ್ಟಿ ಕರೆದೊಯ್ಯಬಹುದು. ಮಳೆಗಾಲದಲ್ಲಿ ಸಂಘದ ಸಭಾಂಗಣವನ್ನು ಬೆಳಿಗ್ಗೆ ಒಂದು ಗಂಟೆ ತೆರೆದಿಟ್ಟರೆ ಅಲ್ಲಿಯೇ ನಾಲ್ಕು ಸುತ್ತು ಹಾಕಬಹುದು.