ಬ್ಯಾಗಿನಲ್ಲೇ ಉಳಿದ ಮೂರು ಬಾಟಲಿ

ಕಲ್ಲಪ್ಪ ಸತ್ತುಹೋದ. ಭಾನುವಾರ ಸಂಜೆ, ನಮ್ಮ ಪಿ.ಜಿ.ಯ ಮೂರನೇ ಮಹಡಿಯ ರೂಮಿನಲ್ಲಿ. ಸಾಯುವಾಗ ಅವನ ಬ್ಯಾಗಿನಲ್ಲಿ ಜೀವ ಉಳಿಸುವ ಮದ್ದಿನ ಮೂರು ಬಾಟಲಿಗಳು ಮುಚ್ಚಳ ತೆರೆಯದೆ ಹಾಗೇ ಇದ್ದವು.

ಗಾಬರಿಯಾಗಬೇಡಿ. ಕಲ್ಲಪ್ಪ ಹಾಳೆಯ ಮೇಲಿನ ಪಾತ್ರ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ನಾನು ಆಡುತ್ತಿದ್ದ ಕುಳ್ಳ ಯೋಧ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಈ ಆಟಕ್ಕೆ ಕಂಪ್ಯೂಟರ್ ಬೇಡ, ಮೊಬೈಲೂ ಬೇಡ. ಒಂದು ಟೇಬಲ್, ಪೆನ್ಸಿಲ್, ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ದಾಳಗಳು, ಜೊತೆಗೆ ನಾಲ್ಕೈದು ಜನ ಇದ್ದರೆ ಸಾಕು. ‘ಡಂಜನ್ ಮಾಸ್ಟರ್’ ಆದವನು ಕಥೆ ಹೇಳುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ‘ನಾನು ಬಾಗಿಲು ಒದೀತೀನಿ’, ‘ನಾನು ಮರ ಹತ್ತತೀನಿ’ ಅನ್ನುತ್ತಾರೆ. ಅದು ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ಈ ಆಟದಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ‘ಪೋಷನ್’ ಅಂದರೆ ಮಾಯಾ ಮದ್ದು. ಹಾರಲು ಒಂದು, ಕಾಣದಂತಾಗಲು ಒಂದು, ಬೆಟ್ಟದಂಥ ರಾಕ್ಷಸನ ಬಲ ಬರಲು ಇನ್ನೊಂದು. ಎಲ್ಲರಿಗೂ ಬೇಕಾದದ್ದು ಮಾತ್ರ ಗಾಯ ಮಾಯಿಸುವ ಸಾದಾ ಹೀಲಿಂಗ್ ಪೋಷನ್. ನಾವು ಆಡುವುದು 2014ರ ಐದನೇ ಆವೃತ್ತಿಯ ನಿಯಮದ ಪ್ರಕಾರ. ಅದರಲ್ಲಿ ಲೆಕ್ಕ ಸರಳ. ಕುಡಿದ ಮೇಲೆ ನಾಲ್ಕು ಮುಖದ ಎರಡು ದಾಳ ಉರುಳಿಸಿ, ಬಂದದ್ದಕ್ಕೆ 2 ಸೇರಿಸಬೇಕು. ಕಡಿಮೆ ಅಂದರೆ 4, ಹೆಚ್ಚೆಂದರೆ 10, ಸರಾಸರಿ 7. ಅಷ್ಟು ‘ಹಿಟ್ ಪಾಯಿಂಟ್’ ಅಂದರೆ ಜೀವಬಲ ವಾಪಸ್ ಬರುತ್ತದೆ.

ಬೆಲೆ 50 ಚಿನ್ನದ ನಾಣ್ಯ. ಕಡಿಮೆ ಅನ್ನಿಸಿತೇ? ಅದೇ ಪುಸ್ತಕದಲ್ಲಿ ಕೂಲಿಯವನ ದಿನಗೂಲಿ 2 ಬೆಳ್ಳಿ ನಾಣ್ಯ, ಹತ್ತು ಬೆಳ್ಳಿಗೆ ಒಂದು ಚಿನ್ನ. ಅಂದರೆ ಒಂದು ಬಾಟಲಿಗೆ 250 ದಿನದ ಕೂಲಿ! ಮಧ್ಯಮ ವರ್ಗದಲ್ಲಿ ಹುಟ್ಟಿದ ನನಗೆ ಅದನ್ನು ಸುಮ್ಮನೆ ಕುಡಿದು ಖಾಲಿ ಮಾಡಲು ಕೈ ಬರುತ್ತದೆಯೇ?

ಇನ್ನೂ ತಮಾಷೆಯ ನಿಯಮಗಳಿವೆ. ಯಾವ ಮದ್ದು ಎಂದು ಗೊತ್ತಾಗದಿದ್ದರೆ ನಾಲಿಗೆಗೆ ಒಂದು ಹನಿ ಹಾಕಿ ನೋಡಬಹುದು. ಆದರೆ ‘ಪೋಷನ್ ಆಫ್ ಪಾಯಿಸನ್’ ಎಂಬುದೊಂದಿದೆ. ಬಣ್ಣ, ವಾಸನೆ, ರುಚಿ ಎಲ್ಲ ಒಳ್ಳೆಯ ಮದ್ದಿನದ್ದೇ, ಒಳಗೆ ಮಾತ್ರ ವಿಷ. ‘ಕಂಡಕಂಡವರ ಮನೇಲಿ ತಿನ್ನಬೇಡ, ಮದ್ದು ಹಾಕ್ತಾರೆ’ ಅನ್ನುತ್ತಿದ್ದ ನನ್ನಜ್ಜಿಗೆ ಈ ಪುಸ್ತಕ ತೋರಿಸಿದ್ದರೆ ‘ನಾನು ಹೇಳಿರಲಿಲ್ವಾ?’ ಅನ್ನುತ್ತಿದ್ದರು. ಒಂದು ಪೋಷನ್ನಿನ ಪ್ರಭಾವ ಇಳಿಯುವ ಮೊದಲೇ ಇನ್ನೊಂದು ಕುಡಿದರೆ ಏನಾಗುತ್ತದೆ ಎಂಬುದಕ್ಕೂ ಒಂದು ಪಟ್ಟಿ ಇದೆ. ಬೇಕಾದವರು ಬಳಸಬಹುದಾದ ನಿಯಮ ಅದು. ನೂರರಲ್ಲಿ ಒಂದು ಸಲ ಹೊಟ್ಟೆಯೊಳಗೇ ಸ್ಫೋಟ. ನೂರರಲ್ಲಿ ಒಂದು ಸಲ ಒಂದು ಮದ್ದಿನ ಗುಣ ಶಾಶ್ವತ!

ಇವೆಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದು. ಮದ್ದು ಕುಡಿಯುವುದು ಪುಕ್ಕಟೆ ಅಲ್ಲ, ನಿಮ್ಮ ಸರದಿಯ ಮುಖ್ಯ ಕೆಲಸವನ್ನೇ ಅದು ತಿನ್ನುತ್ತದೆ. ಕುಡಿದರೆ ಆ ಸರದಿಯಲ್ಲಿ ಕತ್ತಿ ಬೀಸುವಂತಿಲ್ಲ. ಅನೇಕ ಗುಂಪುಗಳು ಇದನ್ನು ತಾವೇ ಸಡಿಲಿಸಿಕೊಂಡವು. 2024ರ ಹೊಸ ನಿಯಮದಲ್ಲಿ ಕುಡಿಯುವುದನ್ನು ‘ಬೋನಸ್ ಆ್ಯಕ್ಷನ್’ ಮಾಡಿದ್ದಾರೆ. ಅಂದರೆ ಕುಡಿದೂ ಹೊಡೆಯಬಹುದು. ನಮ್ಮ ಡಂಜನ್ ಮಾಸ್ಟರ್ ಹಳೆಯ ಪುಸ್ತಕ ಬಿಡುವವನಲ್ಲ.

ಆ ಭಾನುವಾರ ಮುರಿದ ಸೇತುವೆಯ ಮೇಲೆ ಓಗರ್ ಎಂಬ ದೈತ್ಯ ಎದುರಾಯಿತು. ಕಲ್ಲಪ್ಪನ ಬಳಿ 9 ಹಿಟ್ ಪಾಯಿಂಟ್ ಉಳಿದಿತ್ತು. ಕುಡಿಯಲೋ, ಹೊಡೆಯಲೋ? ‘ಇಷ್ಟಕ್ಕೆಲ್ಲ ಯಾಕೆ ಖರ್ಚು, ಮುಂದೆ ಇದಕ್ಕಿಂತ ದೊಡ್ಡದು ಬಂದಾಗ ಬೇಕಾಗುತ್ತೆ’ ಎಂದು ಕೊಡಲಿ ಬೀಸಿದೆ. ತಪ್ಪಿತು. ಓಗರ್ ಗದೆ ಬೀಸಿತು. 12 ಏಟು!

ಲೆಕ್ಕ ನೀವೇ ಹಾಕಿ. ಮದ್ದು ಕುಡಿದು ತೀರಾ ಕಡಿಮೆ, ನಾಲ್ಕೇ ಬಂದಿದ್ದರೂ 13 ಆಗುತ್ತಿತ್ತು. ಕಲ್ಲಪ್ಪ ಒಂದು ಪಾಯಿಂಟಿನಲ್ಲಿ ನಿಂತಿರುತ್ತಿದ್ದ.

ಸೊನ್ನೆಗೆ ಇಳಿದವನಿಗೆ ಪ್ರಜ್ಞೆ ಇರುವುದಿಲ್ಲ. ಬ್ಯಾಗಿನಲ್ಲಿ ಹತ್ತು ಬಾಟಲಿ ಇದ್ದರೂ ತಾನಾಗಿ ಕುಡಿಯಲಾರ. ಯಾರಾದರೂ ಪಕ್ಕಕ್ಕೆ ಬಂದು ಬಾಯಿಗೆ ಸುರಿಯಬೇಕು. ಅಲ್ಲಿಯವರೆಗೆ ಪ್ರತಿ ಸರದಿಗೂ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಹತ್ತು ಅಥವಾ ಹೆಚ್ಚು ಬಂದರೆ ಪಾಸು, ಕಡಿಮೆ ಬಂದರೆ ಫೇಲು. ಮೂರು ಫೇಲಾದರೆ ಕಥೆ ಮುಗಿಯಿತು.

ನನಗೆ 7 ಬಿತ್ತು. ಆಮೇಲೆ 4. ಗಾಯ ಮಾಯಿಸುವ ಪಾತ್ರ ಆಡುತ್ತಿದ್ದ ನನ್ನ ರೂಮ್‌ಮೇಟ್ ಹೇಗೋ ಹತ್ತಿರ ಬಂದ. ಅವನ ಮಂತ್ರಗಳೆಲ್ಲ ಖರ್ಚಾಗಿದ್ದವು. ಬರಿಗೈಯಲ್ಲಿ ಆರೈಕೆಗೆ ಯತ್ನಿಸಿ ದಾಳ ಹಾಕಿದ, 3 ಬಿತ್ತು. ನನ್ನ ಮೂರನೇ ದಾಳ 9.

ಎಲ್ಲರೂ ಸುಮ್ಮನಾದರು. ರೂಮ್‌ಮೇಟ್ ನನ್ನ ಹಾಳೆ ಎಳೆದುಕೊಂಡು ನೋಡಿದ. “ಲೋ, ಮೂರು ಪೋಷನ್ ಇತ್ತೇನೋ! ಅದನ್ನ ಸುರಿಯೋಕೆ ದಾಳಾನೂ ಬೇಕಿರಲಿಲ್ಲ. ಒಂದು ಮಾತು ಹೇಳೋಕೇನಾಗಿತ್ತು ನಿಂಗೆ?”

ನಿಯಮದ ಪ್ರಕಾರ ಅವನು ಹೇಳಿದ್ದು ಸರಿ. ನನಗೆ ತಾಗಿದ್ದು ಬೇರೆ ಜಾಗಕ್ಕೆ.

ಕಳೆದ ವರ್ಷ ಕ್ಯಾಂಪಸ್‌ನಲ್ಲಿ ಒಂದು ಕಂಪನಿಯ ಆಫರ್ ಲೆಟರ್ ಸಿಕ್ಕಿತ್ತು. ಊರಲ್ಲಿ ಅಮ್ಮ ಎಲ್ಲರಿಗೂ ಸಿಹಿ ಹಂಚಿದ್ದರು. ಜಾಯಿನಿಂಗ್ ತಾರೀಕು ಮೂರು ಸಲ ಮುಂದಕ್ಕೆ ಹೋಯಿತು. ಆಮೇಲೆ ನನ್ನ ಮೇಲ್‌ಗಳಿಗೆ ಉತ್ತರವೇ ಬರಲಿಲ್ಲ. ಮನೆಯಲ್ಲೂ ಗೆಳೆಯರಲ್ಲೂ ನಾನು ಹೇಳುತ್ತಿದ್ದದ್ದು ಒಂದೇ: ‘ಮುಂದಿನ ತಿಂಗಳು ಜಾಯಿನಿಂಗ್’. ಅಪ್ಪ ಕೊಬ್ಬರಿ ಮಾರಿದ ದುಡ್ಡಲ್ಲಿ ಪಿ.ಜಿ. ಬಾಡಿಗೆ ಕಳಿಸುತ್ತಲೇ ಇದ್ದರು. ಎಂಟು ತಿಂಗಳ ಹಿಂದೆ ಕಾಲೇಜಿನ ಸೀನಿಯರ್ ಒಬ್ಬರು ‘ರೆಸ್ಯೂಮೆ ಕಳಿಸು, ನಮ್ಮಲ್ಲಿ ಕೇಳ್ತೀನಿ’ ಅಂದಿದ್ದರು. ‘ಇನ್ನೊಂದು ಕೋರ್ಸ್ ಮುಗಿಯಲಿ, ಚೆನ್ನಾಗಿ ತಯಾರಾಗಿ ಕಳಿಸೋಣ’ ಎಂದು ಅದನ್ನು ಕೊನೆಯ ಅಸ್ತ್ರವಾಗಿ ಇಟ್ಟುಕೊಂಡಿದ್ದೆ. ನನ್ನ ಬ್ಯಾಗಲ್ಲಿ ಏನಿದೆ, ಏನಿಲ್ಲ ಎಂಬುದು ಪಕ್ಕದ ಮಂಚದಲ್ಲಿ ಮಲಗುವವನಿಗೂ ಗೊತ್ತಿರಲಿಲ್ಲ.

ಅಂದು ರಾತ್ರಿ ಟೀ ಅಂಗಡಿ ಮುಂದೆ ಅವನಿಗೆ ಎಲ್ಲ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. “ಅದಕ್ಕೇನಾ ನೀನು ಕ್ಯಾಂಟೀನಲ್ಲಿ ಬರೀ ಟೀ ಕುಡೀತಿದ್ದಿದ್ದು?” ಅಂದ, ಅಷ್ಟೇ. ಅಲ್ಲೇ ನಿಂತು ಸೀನಿಯರ್‌ಗೆ ರೆಸ್ಯೂಮೆ ಕಳಿಸಿಸಿದ.

ಸಿನಿಮಾ ಆಗಿದ್ದರೆ ಮಾರನೇ ದಿನವೇ ಕೆಲಸ ಸಿಗಬೇಕಿತ್ತು. ‘ಆಗಲೇ ಕಳಿಸಿದ್ದಿದ್ರೆ ಎರಡು ಪೋಸ್ಟ್ ಇತ್ತಲ್ಲಪ್ಪ, ಈಗ ತುಂಬಿಹೋಯ್ತು’ ಎಂದು ಸೀನಿಯರ್ ಉತ್ತರಿಸಿದರು. ಬೇರೆ ತಂಡಕ್ಕೆ ರೆಸ್ಯೂಮೆ ಕಳಿಸಿದ್ದಾರೆ. ಮೊದಲ ಸುತ್ತಿನ ಇಂಟರ್‌ವ್ಯೂ ಆಗಿದೆ, ಫಲಿತಾಂಶ ಇನ್ನೂ ಬಂದಿಲ್ಲ. ಅಮ್ಮನಿಗೂ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಿನ್ನ ದನೀಲೇ ಗೊತ್ತಾಗ್ತಿತ್ತು ಕಣೋ. ನೀನೇ ಹೇಳ್ತೀಯ ಅಂತ ಸುಮ್ನಿದ್ದೆ” ಅಂದರು.

ಈಗ ನಮ್ಮ ಗುಂಪಿನಲ್ಲಿ ಪುಸ್ತಕದಲ್ಲಿಲ್ಲದ ಒಂದು ನಿಯಮ ಬಂದಿದೆ. ಆಟ ಶುರುವಾಗುವ ಮೊದಲು ಪ್ರತಿಯೊಬ್ಬರೂ ತಮ್ಮ ಬ್ಯಾಗಿನಲ್ಲಿ ಏನೇನಿದೆ ಎಂದು ಗಟ್ಟಿಯಾಗಿ ಓದಬೇಕು. ಕಳೆದ ಭಾನುವಾರ ನನ್ನ ಹೊಸ ಪಾತ್ರಕ್ಕೆ ಎರಡನೇ ಏಟು ಬೀಳುತ್ತಿದ್ದಂತೆ, ಕತ್ತಿ ಕೆಳಗಿಟ್ಟು ಪೋಷನ್ ಕುಡಿದೆ. ದಾಳದಲ್ಲಿ ಬಿದ್ದದ್ದು ಒಂದು ಮತ್ತು ಒಂದು. ಒಟ್ಟು ನಾಲ್ಕು, ಅದಕ್ಕಿಂತ ಕಡಿಮೆ ಬರಲು ಸಾಧ್ಯವೇ ಇಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಗಲಿ ಬಿಡಿ. ನಾಲ್ಕಾದರೆ ನಾಲ್ಕು, ಮುಂದಿನ ಸರದಿಗೆ ನಾನಿದ್ದೆ.