ಹಸಿವು ಮತ್ತು ವಾಸನೆ

ಹಂಪೆಯ ವಿರೂಪಾಕ್ಷ ದೇವಾಲಯದ ಮುಂದೆ ಬಾಳೆಹಣ್ಣು ಮಾರುವವರ ಬುಟ್ಟಿಗಳನ್ನು ತಾವು ನೋಡಿರಬಹುದು. ಹೆಚ್ಚು ಕಳಿತ ಹಣ್ಣಿನ ಮೇಲೆ ಎರಡು ಮೂರು ಮಿಲಿಮೀಟರು ಉದ್ದದ, ಕೆಂಗಣ್ಣಿನ ನೊಣಗಳು ಸುಳಿದಾಡುತ್ತಿರುತ್ತವೆ. ಹೊಸಪೇಟೆಯ ನಮ್ಮ ಅಡುಗೆಮನೆಯಲ್ಲಿಯೂ, ಕಂಪ್ಲಿಯ ಕಡೆಯ ಬೆಲ್ಲದ ಗಾಣಗಳಲ್ಲಿಯೂ, ಸಂಡೂರಿನ ಸಂತೆಯಲ್ಲಿಯೂ ಇವಕ್ಕೆ ಬರವಿಲ್ಲ. ಕೈಬೀಸಿ ಓಡಿಸುವುದಷ್ಟೇ ನಮಗೆ ತಿಳಿದದ್ದು. ಆದರೆ ಹಸಿವಿನ ವಿಷಯದಲ್ಲಿ ಈ ಹಣ್ಣಿನ ನೊಣ ನನ್ನಂತಹ ಕನ್ನಡ ಮೇಷ್ಟ್ರಿಗೂ ಒಂದು ಪಾಠವನ್ನು ಹೇಳಿದೆ.

ಈ ಪಾಠಕ್ಕೆ ನಮ್ಮ ನಾಡಿನ ನಂಟೂ ಉಂಟು. ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯಲ್ಲಿದ್ದ ಒಬೈದ್ ಸಿದ್ದೀಕಿಯವರು 1970ರ ದಶಕದಲ್ಲಿ, ಶಿಷ್ಯೆ ವೆರೋನಿಕಾ ರೋಡ್ರಿಗ್ಸ್ ಅವರೊಡನೆ, ರುಚಿ ಮತ್ತು ವಾಸನೆ ಹಿಡಿಯುವ ಶಕ್ತಿ ಕುಂದಿದ ನೊಣಗಳ ತಳಿಗಳನ್ನು ಬೇರ್ಪಡಿಸಿ ಅಭ್ಯಸಿಸಿದರು. ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವನ್ನು ಕಟ್ಟಿದವರೂ ಸಿದ್ದೀಕಿಯವರೇ. ರೋಡ್ರಿಗ್ಸ್ 2010ರಲ್ಲಿಯೂ ಅವರ ಗುರುಗಳು 2013ರಲ್ಲಿಯೂ ತೀರಿಕೊಂಡರು.

ನೊಣಕ್ಕೆ ನಮ್ಮಂತೆ ಮೂಗಿಲ್ಲ. ಮುಖ್ಯವಾಗಿ ಮೀಸೆಗಳೇ ಅದರ ಮೂಗು. ಒಂದೊಂದು ಮೀಸೆಯಲ್ಲಿಯೂ ವಾಸನೆ ಹಿಡಿಯುವ ನರಕೋಶಗಳು ಸುಮಾರು 1,200. ಅವುಗಳ ಎಳೆಗಳು ಮಿದುಳಿನಲ್ಲಿರುವ ಸುಮಾರು ಐವತ್ತು ಪುಟ್ಟ ಗಂಟುಗಳಿಗೆ ಹೋಗಿ ಸೇರುತ್ತವೆ. ಒಂದು ಬಗೆಯ ಕೋಶಗಳಿಗೆ ಒಂದು ಗಂಟು. ಕಳಿತ ಹಣ್ಣಿನ ಹುಳಿವಾಸನೆಯನ್ನು ‘ಬಾ’ ಎಂಬ ಕರೆಯಾಗಿ ಮುಟ್ಟಿಸುವ ಗಂಟುಗಳುಂಟು. ಆ ಹುಳಿ ಅತಿಯಾದಾಗ ‘ಬೇಡ’ ಎನ್ನುವ ಗಂಟೂ ಉಂಟು.

ಹೊಟ್ಟೆ ತುಂಬಿದ ನೊಣದ ದೇಹದಲ್ಲಿ ಇನ್ಸುಲಿನ್ನಿನ ಸಂಕೇತ ಬಲವಾಗಿರುತ್ತದೆ. ಉಪವಾಸ ಬಿದ್ದರೆ ಅದು ತಗ್ಗುತ್ತದೆ. ಅದು ತಗ್ಗಿದೊಡನೆ, ಹುಳಿವಾಸನೆ ಹಿಡಿಯುವ ಕೋಶಗಳು ಒಂದು ವಿಶೇಷ ಗ್ರಾಹಕವನ್ನು ಹೆಚ್ಚಾಗಿ ತಯಾರಿಸತೊಡಗುತ್ತವೆ. ಈ ಗ್ರಾಹಕಕ್ಕೆ ಬಂದು ತಗುಲುವುದು ನ್ಯೂರೋಪೆಪ್ಟೈಡ್, ಎಂದರೆ ನರಕೋಶಗಳು ಸ್ರವಿಸುವ ಚಿಕ್ಕ ಪ್ರೋಟೀನು ತುಣುಕು. ಅದು ತಗುಲಿದಾಗ ಕೋಶವು ಮಿದುಳಿಗೆ ಕಳುಹಿಸುವ ಸುದ್ದಿ ಬಲಗೊಳ್ಳುತ್ತದೆ. ಹಣ್ಣು ಅದೇ, ವಾಸನೆಯೂ ಅಷ್ಟೇ. ಕರೆ ಮಾತ್ರ ಗಟ್ಟಿಯಾಗಿ ಕೇಳಿಸುತ್ತದೆ. ಇದನ್ನು 2011ರಲ್ಲಿ ತೋರಿಸಿದವರು ಕ್ಯಾಲಿಫೋರ್ನಿಯಾದ ಜಿಂಗ್ ವಾಂಗ್ ಮತ್ತು ಅವರ ಸಂಗಡಿಗರು. ಅದೇ ಗುಂಪು 2015ರಲ್ಲಿ ಇನ್ನೊಂದು ಸಂಗತಿಯನ್ನು ಹೊರಗೆಡಹಿತು. ಹಸಿದ ನೊಣದಲ್ಲಿ ಟ್ಯಾಕಿಕೈನಿನ್ ಎಂಬ ಮತ್ತೊಂದು ಪೆಪ್ಟೈಡು ‘ಬೇಡ’ ಎನ್ನುವ ಕೋಶಗಳ ಬಾಯಿ ಕಟ್ಟುತ್ತದೆ. ಹೀಗೆ ಹಸಿವು ಆಸೆಯನ್ನು ಏರಿಸುತ್ತದೆ, ಹೇಸಿಗೆಯನ್ನು ಇಳಿಸುತ್ತದೆ. ಇವೆರಡೂ ನಡೆಯುವುದು ವಾಸನೆಯ ಸುದ್ದಿ ಮಿದುಳನ್ನು ಮುಟ್ಟುವ ಮೊದಲ ಮೆಟ್ಟಿಲಲ್ಲಿಯೇ.

ಇದನ್ನು ಓದಿದಾಗ ನನಗೆ ಹಳೆಯದೊಂದು ನೆನಪಾಯಿತು. ಮಧ್ಯಾಹ್ನದ ತರಗತಿಯಲ್ಲಿ ಹುಡುಗನೊಬ್ಬ ಸದಾ ಕಿಟಕಿಯ ಕಡೆಗೆ ತಿರುಗಿರುತ್ತಿದ್ದ. ಏನೆಂದು ಕೇಳಿದರೆ, ‘ಮಿರ್ಚಿ ಕರೀತಿದಾರೆ ಸಾರ್’ ಎಂದ. ಕರಿಯುವ ಬಂಡಿ ರಸ್ತೆಯಾಚೆ ಬಹು ದೂರದಲ್ಲಿತ್ತು. ನನಗೆ ಯಾವ ವಾಸನೆಯೂ ತಟ್ಟಲಿಲ್ಲ. ಹುಡುಗ ಸುಳ್ಳು ಹೇಳುತ್ತಿರುವನೆಂದು ಎಲ್ಲರೆದುರು ಗದರಿದೆ. ಆತ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರಿಹೊಟ್ಟೆಯಲ್ಲಿ ಬರುತ್ತಿದ್ದನೆಂದು ತಿಳಿದದ್ದು ವರ್ಷ ಮುಗಿದ ಮೇಲೆ. ನಾನಾದರೋ ಊಟ ಮುಗಿಸಿಯೇ ತರಗತಿಗೆ ಹೋಗುತ್ತಿದ್ದೆ.

ನೊಣಕ್ಕೆ ನಿಜವಾದದ್ದೆಲ್ಲ ಮನುಷ್ಯನಿಗೂ ನಿಜವೆಂದು ನಾನು ಹೇಳಲಾರೆ. ನಮ್ಮ ಮಿದುಳು ಬಹು ದೊಡ್ಡದು, ಅದರ ದಾರಿಗಳೂ ಬೇರೆ. ಆದರೂ ಇನ್ಸುಲಿನ್ ನಮ್ಮಲ್ಲಿಯೂ ಇದೆ, ಟ್ಯಾಕಿಕೈನಿನ್ನಿನ ಬಂಧುಗಳು ನಮ್ಮಲ್ಲಿಯೂ ಇವೆ. ಉಂಡವನಿಗೆ ಸಿಗದ ವಾಸನೆ ಹಸಿದವನಿಗೆ ಸಿಕ್ಕೀತು ಎಂಬಷ್ಟನ್ನು ನಂಬಲು ನನಗೆ ಈ ನೊಣದ ಸಾಕ್ಷ್ಯ ಸಾಕು. ಆ ಹುಡುಗನಿಗೆ ಈಗ ನಡುವಯಸ್ಸು ದಾಟಿರಬೇಕು. ಎಲ್ಲಿಯಾದರೂ ಈ ಮಾತು ಅವನ ಕಿವಿಗೆ ಬಿದ್ದರೆ, ಅಂದು ಅವನು ಹೇಳಿದ್ದು ದಿಟವೆಂದು ಅವನ ಮೇಷ್ಟ್ರು ಒಪ್ಪಿಕೊಂಡಿದ್ದಾರೆಂದು ತಿಳಿಯಲಿ.