ಪತ್ರ ಯಾರದು, ಸಹಿ ಯಾರದು?

2025ರಲ್ಲಿ ಆಂಧ್ರದ ಕಲ್ಯಾಣದುರ್ಗದಲ್ಲಿ ನಕಲಿ ಇ-ಸ್ಟ್ಯಾಂಪ್ ಪ್ರಕರಣ ಬಯಲಿಗೆ ಬಂತು. ಸಣ್ಣ ಮೊತ್ತದ ಇ-ಸ್ಟ್ಯಾಂಪ್ ಪಡೆದು, ಕಂಪ್ಯೂಟರಿನಲ್ಲಿ ಅಂಕಿ ತಿದ್ದಿ, ದೊಡ್ಡ ಮೊತ್ತದ್ದೆಂದು ಕೊಟ್ಟರು ಎಂಬುದು ಆರೋಪ. ಮೀ ಸೇವಾ ಕೇಂದ್ರ ನಡೆಸುತ್ತಿದ್ದವರನ್ನು ಪೊಲೀಸರು ಬಂಧಿಸಿದರು. ತಪ್ಪಿತಸ್ಥರು ಯಾರೆಂಬುದನ್ನು ನ್ಯಾಯಾಲಯವೇ ಹೇಳಬೇಕು. ಹಿಂದೆ ಖಾನಾಪುರದ ಅಬ್ದುಲ್ ಕರೀಂ ತೆಲಗಿ ಛಾಪಾ ಕಾಗದವನ್ನೇ ಅಚ್ಚು ಹಾಕಿಸಿ, 30 ವರ್ಷಗಳ ಕಠಿಣ ಶಿಕ್ಷೆಗೆ ಗುರಿಯಾದ. ಈಗ ಅಂಥ ಕೆಲಸಕ್ಕೆ ಅಚ್ಚಿನ ಯಂತ್ರವೂ ಬೇಡ.

2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಫೋರ್ಜರಿಯ ಅರ್ಥ ಮಾತ್ರ ಬಹುಮಟ್ಟಿಗೆ 1860ರ ಆ ಹಳೆಯ ಸಂಹಿತೆಯದೇ. ಇನ್ನೊಬ್ಬರು ಮಾಡಿದ್ದೆಂದು ನಂಬಿಸಲು ಪತ್ರ ಸೃಷ್ಟಿಸುವುದು ಒಂದು ಬಗೆ. ಆಗಿಹೋದ ಪತ್ರದ ಮುಖ್ಯ ಭಾಗವನ್ನು ಅಧಿಕಾರವಿಲ್ಲದೆ ತಿದ್ದುವುದು ಇನ್ನೊಂದು. ಕಂಪ್ಯೂಟರಿನ ದಾಖಲೆಗೂ ಇದು ಅನ್ವಯ. 336ನೇ ಕಲಮಿನಲ್ಲಿ ಶಿಕ್ಷೆ ಎರಡು ವರ್ಷದವರೆಗೆ, ವಂಚಿಸಲೆಂದೇ ಮಾಡಿದ್ದರೆ ಏಳು ವರ್ಷದವರೆಗೆ. ಉಯಿಲು, ಹಣ ಅಥವಾ ಆಸ್ತಿಯ ಹಕ್ಕು ಕೊಡುವ ಪತ್ರವಾದರೆ 338ನೇ ಕಲಮಿನಂತೆ ಹತ್ತು ವರ್ಷದವರೆಗೆ, ಇಲ್ಲವೇ ಜೀವಾವಧಿ. ನಕಲಿ ಎಂದು ಗೊತ್ತಿದ್ದೂ ಅದನ್ನು ಅಸಲಿಯೆಂದು ಬಳಸಿದವನಿಗೂ ಸೃಷ್ಟಿಸಿದವನಷ್ಟೇ ಶಿಕ್ಷೆ.

ಆದರೆ ಪತ್ರದಲ್ಲಿ ಸುಳ್ಳು ಬರೆದ ಮಾತ್ರಕ್ಕೆ ಅದು ಫೋರ್ಜರಿ ಆಗುವುದಿಲ್ಲ. ನಿಮ್ಮ ಹೊಲವನ್ನು ಒಬ್ಬ ತನ್ನದೆಂದು ಹೇಳಿ, ತನ್ನದೇ ಹೆಸರಲ್ಲಿ ಸಹಿ ಹಾಕಿ ಮಾರಿದನೆನ್ನಿ. ಅದು ಸುಳ್ಳು ಪತ್ರದ ಸೃಷ್ಟಿಯಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಮೊಹಮ್ಮದ್ ಇಬ್ರಾಹಿಂ ಪ್ರಕರಣದಲ್ಲಿ ಹೇಳಿತು. ಹಣ ಕಳೆದುಕೊಂಡ ಖರೀದಿದಾರ ವಂಚನೆಯ ದೂರು ಕೊಡಬಹುದು. ಹೊಲದ ನಿಜವಾದ ಒಡೆಯ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕು. ಠಾಣೆಯಿಂದ ಬರಿಗೈಯಲ್ಲಿ ಬಂದವರಿಗೆ ಇದು ಅನ್ಯಾಯವಾಗಿ ಕಾಣುತ್ತದೆ, ನಿಜ. ಆದರೂ ಪ್ರತಿಯೊಂದು ಹೊಲದ ತಕರಾರಿಗೂ ಜೀವಾವಧಿಯ ಕಲಮು ಜಡಿಯುವುದಕ್ಕಿಂತ ಈ ಗೆರೆ ಮೇಲೆಂದೇ ನನ್ನ ಅಭಿಪ್ರಾಯ.

ಆಂಧ್ರ-ಕರ್ನಾಟಕ ಗಡಿಯವರು ಮುಖ್ಯವಾಗಿ ತಿಳಿಯಬೇಕಾದದ್ದು ಫೋರ್ಜರಿಯ ಮೂರನೆಯ ಬಗೆ. ಸಹಿ ನಿಜವಾದದ್ದೇ, ಹೆಬ್ಬೆಟ್ಟೂ ಅವರದೇ. ಆದರೆ ಪತ್ರದಲ್ಲಿ ಏನಿದೆ ಎಂಬುದನ್ನು ಮೋಸದಿಂದ ಮರೆಮಾಚಿ ಹಾಕಿಸಿಕೊಂಡದ್ದು. ಅದೂ ಫೋರ್ಜರಿಯೇ. ಹಿಂದೂಪುರ, ಮಡಕಶಿರಾ, ರೊಳ್ಳ, ಅಮರಾಪುರದ ಕಡೆ ಮನೆಯಲ್ಲಿ ಕನ್ನಡ ಆಡುವ ಕುಟುಂಬಗಳಿವೆ. ಅವರ ಜಮೀನಿನ ದಾಖಲೆಗಳಾದ ಪಟ್ಟಾದಾರ್ ಪಾಸ್‌ಬುಕ್, ಅಡಂಗಲ್ ಎಲ್ಲ ತೆಲುಗಿನಲ್ಲಿ. ತೆಲುಗು ಸಲೀಸಾಗಿ ಮಾತಾಡುವ ಅಜ್ಜಿಗೂ ಕ್ರಯಪತ್ರದ ತೆಲುಗು ಓದಲು ಬಾರದಿರಬಹುದು. "ಅಡಮಾನದ ಕಾಗದ ಅಷ್ಟೇ, ಒತ್ತಮ್ಮಾ" ಎಂದು ಹೇಳಿ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ, ಕಾನೂನು ಆಕೆಯ ಪರ ಇದೆ. ಮೋಸ ನಡೆದದ್ದನ್ನು ಸಾಬೀತುಪಡಿಸುವುದೇ ಕಷ್ಟ.

1908ರ ನೋಂದಣಿ ಕಾಯ್ದೆಯ 19ನೇ ಕಲಮು, ಜಿಲ್ಲೆಯಲ್ಲಿ ಬಳಕೆಯಿಲ್ಲದ, ನೋಂದಣಾಧಿಕಾರಿಗೂ ತಿಳಿಯದ ಭಾಷೆಯ ಪತ್ರಕ್ಕೆ ಅನುವಾದ ಕೇಳುತ್ತದೆ. ಸಹಿ ಹಾಕುವವರಿಗೆ ತಿಳಿಯುವ ಭಾಷೆಯನ್ನು ಆ ಕಲಮು ಕೇಳುವುದಿಲ್ಲ. ಗಡಿಯ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಹೆಬ್ಬೆಟ್ಟಿಗೆ ಮೊದಲು ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿ, ಹಾಗೆ ಹೇಳಿದ್ದನ್ನು ಪತ್ರದ ಮೇಲೇ ಬರೆದು ಸಾಕ್ಷಿ ಹಾಕಿಸುವ ಪದ್ಧತಿಯನ್ನು ಆಂಧ್ರ ಸರ್ಕಾರ ಕಡ್ಡಾಯ ಮಾಡಬೇಕು.